ಫಕೀರಪ್ಪನ ಮಂಗಳದ ಕಾರ್ಡ್

ಉಣಕಲ್ಲಿನ ಹಳೆಯ ಓಣಿಯಲ್ಲಿ ಒಂದು ಸಣ್ಣ ಈಶ್ವರನ ಗುಡಿ ಇದೆ. ಪ್ರತಿ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಭಜನೆ ಶುರುವಾಗುತ್ತದೆ. ಎಂಟೂವರೆಗೆ ಮಂಗಳ ಹಾಡಿ ಎಲ್ಲರೂ ಮನೆಗೆ ಹೋಗುತ್ತಾರೆ. ಹೊರಗೆ ಧಾರವಾಡದ ರಸ್ತೆಯಲ್ಲಿ ಬಸ್ಸುಗಳು ಓಡುತ್ತಲೇ ಇರುತ್ತವೆ. ಒಳಗೆ ಹತ್ತು ಹನ್ನೆರಡು ಮಂದಿ, ಹಾರ್ಮೋನಿಯಂ ಬಾರಿಸುವ ಯಂಕಣ್ಣನ ಪೇಟಿ, ತಬಲಾ, ನಾಲ್ಕು ಜೊತೆ ತಾಳ. ಹದಿನೇಳು ವರ್ಷ ಅವುಗಳ ನಡುವೆ ಒಂದು ಗಿಟಾರೂ ಇತ್ತು.

ಗಿಟಾರು ಫಕೀರಪ್ಪನದು. ಅವನು ರೇಲ್ವೆಯಲ್ಲಿ ಫಿಟ್ಟರ್ ಆಗಿದ್ದವನು. ವರ್ಗವಾಗಿ ಹೊರಟ ಜೊತೆಗಾರನೊಬ್ಬ ಮನೆಯ ಸಾಮಾನು ಕಟ್ಟುವಾಗ, ಲಾರಿಯಲ್ಲಿ ಹಾಕಿದರೆ ಒಡೆದೀತು ಎಂದು ಅದನ್ನು ಇವನ ಕೈಗೆ ಕೊಟ್ಟುಬಿಟ್ಟಿದ್ದ. ಫಕೀರಪ್ಪ ಯಾವ ಮಾಸ್ತರನ ಹತ್ತಿರವೂ ಹೋಗಲಿಲ್ಲ. ಯಂಕಣ್ಣನ ಪೇಟಿಯ ಪಕ್ಕದಲ್ಲಿ ಕುಳಿತು, ಕಿವಿಗೆ ಸರಿ ಅನಿಸಿದ ಹಾಗೆ ಬಾರಿಸಿಕೊಂಡು ಬಂದ. ಉಳಿದ ಪದಗಳಿಗೆ ಅವನು ಏನು ಬಾರಿಸುತ್ತಿದ್ದ ಎಂದು ಯಾರಿಗೂ ಅಷ್ಟಾಗಿ ನೆನಪಿಲ್ಲ. ಕೊನೆಯ ಮಂಗಳದ ಪದಕ್ಕೆ ಮಾತ್ರ ಅವನು ಒಂದು ಕೆಲಸ ಮಾಡುತ್ತಿದ್ದ. ಎಲ್ಲರೂ ಸುಮ್ಮನಾದ ಮೇಲೆ ಆರೂ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಿ ಕೈ ಎತ್ತಿಬಿಡುತ್ತಿದ್ದ. ಹಾಗೆ ಹಲವು ತಂತಿಗಳು ಕೂಡಿ ಹೊರಡಿಸುವ ಸ್ವರಕ್ಕೆ ಗಿಟಾರಿನವರು ಕಾರ್ಡ್ ಅನ್ನುತ್ತಾರೆ. ಆ ಒಂದು ಕಾರ್ಡ್ ಗುಡಿಯ ಕಲ್ಲಿನ ಗೋಡೆಗಳ ನಡುವೆ ತಿರುಗಾಡಿ ಆರುವ ಮುಂಚೆ ಕಾಳವ್ವ ಪದ ಎತ್ತುತ್ತಿದ್ದಳು.

ಕಾಳವ್ವನಿಗೆ ಈಗ ಅರವತ್ತಾರು. ಮಂಗಳದ ಪದವನ್ನು ಅವಳು ತವರಾದ ಉಪ್ಪಿನಬೆಟಗೇರಿಯಿಂದ ತಂದವಳು. ಅದನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಅವಳ ಅಜ್ಜಿ ಹಾಡುತ್ತಿದ್ದಳಂತೆ. ಆ ಮೇಳದಲ್ಲಿ ಒಂದು ರೂಢಿ ಇದೆ: ಪದ ತಂದವರೇ ಪದ ಎತ್ತಬೇಕು. ಅವರು ಎತ್ತದಿದ್ದರೆ ಬೇರೆಯವರು ಬಾಯಿ ಹಾಕುವುದಿಲ್ಲ.

ಶಿವರಾತ್ರಿ ಕಳೆದು ಎಂಟು ದಿನಕ್ಕೆ ಫಕೀರಪ್ಪ ಲಿಂಗೈಕ್ಯನಾದ. ಅದರ ಮುಂದಿನ ಸೋಮವಾರ ಕಾಳವ್ವ ಮಂಗಳಕ್ಕೆಂದು ತಾಳ ಹಿಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ದುಃಖ ಅಂದುಕೊಂಡರು ಎಲ್ಲರೂ. ಎರಡನೇ ಸೋಮವಾರವೂ ಹಾಗೇ ಆಯಿತು, ಹತ್ತನೇ ಸೋಮವಾರವೂ ಹಾಗೇ. ಉಳಿದ ಪದಗಳನ್ನು ಅವಳು ಎಂದಿನಂತೆ ಹಾಡುತ್ತಿದ್ದಳು. ಮಂಗಳದ ಹೊತ್ತಿಗೆ ಸ್ವರ ಬರುತ್ತಿರಲಿಲ್ಲ. ಬರೀ ಆರತಿ ಎತ್ತಿ, ಜಯಕಾರ ಹಾಕಿ ಎದ್ದು ಹೋಗುವುದು ಅಭ್ಯಾಸವಾಯಿತು.

ಶ್ರಾವಣ ಬಂತು. ಮೊದಲ ಸೋಮವಾರದ ಭಜನೆ ಮುಗಿದ ಮೇಲೆ ಕಾಳವ್ವ ತಾಳಗಳನ್ನು ಸೆರಗಿನಿಂದ ಒರೆಸುತ್ತ ಯಂಕಣ್ಣನಿಗೆ ಹೇಳಿದಳು:

“ಯಂಕಣ್ಣಾ, ಈ ಶ್ರಾವಣ ಒಂದು ನೋಡ್ತೇನಿ. ಕಡೇ ಸೋಮವಾರಾನೂ ಮಂಗಳಾ ಬರಲಿಲ್ಲಂದ್ರ ತಾಳಾ ಈಶ್ವರನ ಮುಂದ ಇಟ್ಟು ಮನ್ಯಾಗ ಕುಂಡ್ರತೇನಿ.”

“ಮನ್ಯಾಗ ಕುಂತು ಏನ್ ಮಾಡ್ತೀಬೇ? ಟೀವಿ ನೋಡ್ತೀಯೇನು?”

“ಟೀವಿ ಯಾಕ ನೋಡ್ಲಿ. ಅರ್ಧಾ ಭಜನಿ ಮಾಡಿ ದೇವರನ್ನ ಅರ್ಧಾ ಊಟದಾಗ ಎಬ್ಬಿಸಿದಂಗ ಮಾಡಾಕ ನನ್ನ ಕಡಿಂದ ಆಗೂದಿಲ್ಲ. ಮಂಗಳಾ ಇಲ್ಲದ ಹಾಡೂದಕ್ಕಿಂತ ಹಾಡದ ಇರೂದು ಛಲೋ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಗೋಧಿ ಬೀಸಿಸಬೇಕು ಎನ್ನುವ ಹಾಗೆ ಹೇಳಿದಳು. ಅದಕ್ಕೇ ಯಂಕಣ್ಣನಿಗೆ ಹೆದರಿಕೆಯಾಯಿತು. ಕಾಳವ್ವ ಎದ್ದು ಹೋದರೆ ಮೇಳದಲ್ಲಿ ಉಳಿಯುವುದು ಪೇಟಿಯ ಗಾಳಿ ಮಾತ್ರ ಎಂದು ಅವನಿಗೆ ಗೊತ್ತಿತ್ತು.

ಯಂಕಣ್ಣ ಬಿಪಿ ಗುಳಿಗೆ ತರುತ್ತಿದ್ದದ್ದು ವಿದ್ಯಾನಗರದ ಒಂದು ಔಷಧಿ ಅಂಗಡಿಯಿಂದ. ಅಂಗಡಿಯವನು ಅಮರೇಶ, ಮೂವತ್ತೆರಡು ವರ್ಷದವನು, ಇರುವುದು ಉಣಕಲ್ಲಿನಲ್ಲೇ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವನು ಕೌಂಟರಿನ ಹಿಂದೆ ಕುಳಿತು ಗಿಟಾರು ಬಾರಿಸುವುದನ್ನು ಯಂಕಣ್ಣ ಎಷ್ಟೋ ಸಲ ನೋಡಿದ್ದ. ಆ ಮಂಗಳವಾರ ಗುಳಿಗೆ ಕೇಳುವುದನ್ನೇ ಮರೆತು ಕಾಳವ್ವನ ಸಂಗತಿ ಹೇಳಿದ.

“ಒಂದ ಕಾರ್ಡ್ ಅಷ್ಟ ಏನ್ರಿ?” ಎಂದ ಅಮರೇಶ. “ಅದರಾಗೇನೈತಿ, ಬರ್ತೇನಿ.”

ಎರಡನೇ ಸೋಮವಾರ ಅವನು ತನ್ನ ಗಿಟಾರನ್ನು ಬೆನ್ನಿಗೇರಿಸಿಕೊಂಡು ಗುಡಿಗೆ ಬಂದ. ಮೊದಲು ಈಶ್ವರನಿಗೆ ಕೈಮುಗಿದ, ಆಮೇಲೆ ಕಾಳವ್ವನಿಗೆ.

“ಶರಣ್ರೀ ಅವ್ವಾರ.”

“ಶರಣಪ್ಪಾ. ಯಾರ ಪೈಕಿ ನೀ?”

ಅವನು ಅಪ್ಪನ ಹೆಸರು ಹೇಳಿದ, ಓಣಿ ಹೇಳಿದ. ಕಾಳವ್ವ ಅವನ ಅಜ್ಜಿಯ ತವರನ್ನು ತಾನೇ ಹೇಳಿದಳು. ಅಷ್ಟಾದ ಮೇಲೆ ಅವನು ಮೇಳದವನಾದ.

ಭಜನೆ ನಡೆಯಿತು. ಮಂಗಳದ ಹೊತ್ತಿಗೆ ಯಂಕಣ್ಣ ಮೆಲ್ಲಗೆ, “ಬಿಳಿ ಎರಡು ಸಾ” ಎಂದ. ಪೇಟಿಯಲ್ಲಿ ಬೆರಳೊತ್ತುವ ಎರಡನೇ ಬಿಳಿ ಮನೆಯೇ ಆ ಮೇಳದ ಆಧಾರ ಸ್ವರ, ಗಿಟಾರಿನವರ ಲೆಕ್ಕದಲ್ಲಿ ಅದು ಡಿ. ಅಮರೇಶ ಡಿ ಮೇಜರ್ ಎಂಬ ಕಾರ್ಡ್ ಹಿಡಿದು ತಂತಿಗಳನ್ನು ಸವರಿದ. ಕಾಳವ್ವ ಬಾಯಿ ತೆರೆದಳು. ಕಾದಳು. ಸದ್ದು ಆರಿತು. ಅವಳು ಬಾಯಿ ಮುಚ್ಚಿದಳು.

“ಇದು ಲಗ್ನದ ಮನ್ಯಾಗ ಫೋಟೋ ತಗಿಯೂವಾಗ ಬಾರಸೂದೈತಿ ತಮ್ಮಾ,” ಎಂದಳು. ಎಲ್ಲರೂ ನಕ್ಕರು, ಅಮರೇಶನೂ ನಕ್ಕ. ಆದರೆ ಕಾಳವ್ವ ಆರತಿಗೂ ಕಾಯದೆ ತಾಳಗಳನ್ನು ಸೆರಗಿನಲ್ಲಿ ಕಟ್ಟಿಕೊಂಡದ್ದನ್ನು ಅವನು ನೋಡಿದ. ಮನೆಗೆ ಹೋಗುವಾಗ ಅವನಿಗೆ ನಗು ಬರಲಿಲ್ಲ.

ಫಕೀರಪ್ಪ ಬಾರಿಸಿದ್ದು ಎಲ್ಲಿಯಾದರೂ ಉಳಿದಿದೆಯೇ ಎಂದು ಕೇಳಿದಾಗ ಯಂಕಣ್ಣನ ಹಳೆಯ ಫೋನಿನಲ್ಲಿ ಒಂದೇ ಒಂದು ತುಣುಕು ಸಿಕ್ಕಿತು. ಹೋದ ವರ್ಷದ ಕಾರ್ತಿಕದಲ್ಲಿ ತೆಗೆದದ್ದು, ನಲವತ್ತು ಸೆಕೆಂಡು. ಚಿತ್ರ ಬರೀ ಕತ್ತಲೆ. ಯಾರೋ ಕೆಮ್ಮುತ್ತಾರೆ, ಒಂದು ತಾಳ ನೆಲಕ್ಕೆ ತಾಗಿ ಕಣ್ ಎನ್ನುತ್ತದೆ. ಆಮೇಲೆ ಆ ಕಾರ್ಡ್, ಅದರ ಜೊತೆಗೇ ಪದ.

ಅಮರೇಶ ಅದನ್ನು ಅಂಗಡಿಯಲ್ಲಿ ಕುಳಿತು ನೂರು ಸಲ ಕೇಳಿದ. ಕಾರ್ಡಿನ ಹೆಸರು ಹೇಳುವ ಆ್ಯಪ್ ಅವನ ಫೋನಿನಲ್ಲಿ ಇತ್ತು. ಮೊದಲ ಸಲ ಅದು ಒಂದು ಹೆಸರು ತೋರಿಸಿತು. ಫೋನನ್ನು ಸ್ವಲ್ಪ ಹತ್ತಿರ ಹಿಡಿದರೆ ಇನ್ನೊಂದು ಹೆಸರು, ಫ್ಯಾನ್ ನಿಲ್ಲಿಸಿ ಹಿಡಿದರೆ ಮೂರನೆಯದು. ಕೆಮ್ಮಿನ ಔಷಧಿ ಕೇಳಲು ಬಂದ ಮುದುಕ ಎದುರಿಗೆ ನಿಂತೇ ಇದ್ದ. “ಏನ್ರೀ, ಯಾರರೆ ತೀರಿಕೊಂಡಾರೇನು, ಮಾರಿ ಹಿಂಗ ಮಾಡೀರಿ?” ಎಂದು ಕೇಳಿದ.

ಬುಧವಾರ ಸಂಜೆ ಅವನು ತನ್ನ ಗಿಟಾರು ಮಾಸ್ತರ ರಾಜಶೇಖರನ ಬಳಿಗೆ ಹೋದ. ರಾಜಶೇಖರ ವಿದ್ಯಾನಗರದಲ್ಲಿ ಮನೆಯ ಮಾಳಿಗೆಯ ಮೇಲೆ ಕ್ಲಾಸು ನಡೆಸುತ್ತಿದ್ದ. ಹುಡುಗರನ್ನೆಲ್ಲ ಕಳಿಸಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ತುಣುಕನ್ನು ಕೇಳಿದ. ಮತ್ತೆ ಕೇಳಿದ. ಗೋಡೆಗೆ ಹಾಕಿದ್ದ ಬಿಳಿ ಬೋರ್ಡಿನ ಮೇಲೆ ಒಂದೊಂದೇ ಸ್ವರ ಬರೆದ. ಸಾ. ಪಾ. ರೀ. ಧಾ. ಸ್ವಲ್ಪ ತಡೆದು, ಗಾ.

“ಐದು ಸ್ವರಾ ಅದಾವ. ಭೂಪ ರಾಗದ್ದು ಐದಕ್ಕ ಐದೂ ಒಂದ ಏಟಿಗೆ ಹೊಡದಾರ ನೋಡು. ನಿಮ್ಮ ಭಜನಿ ಅಜ್ಜಾ ಭಾರೀ ಮನಷ್ಯಾ ಇದ್ದಿರಬೇಕು.”

“ಹೆಸರು ಏನ್ರಿ ಇದರದು?”

“ಡಿ ಸಿಕ್ಸ್ ನೈನ್. ಜಾಝ್ ಬಾರಿಸೋರು ಪದಾ ಮುಗಸೂವಾಗ ಹೊಡೀತಾರ. ಇದನ್ನ ಉಣಕಲ್ಲಾಗ ಗುಡ್ಯಾಗ ಕುಂತು ಹೊಡದಾರಂದ್ರ...” ಎಂದು ಅವನು ತಲೆಯಾಡಿಸಿದ.

ಹೆಸರು ಸಿಕ್ಕಿದ್ದರಿಂದ ಅಮರೇಶನಿಗೆ ಸಮಾಧಾನವಾಯಿತು. ಅವನ ಕಸುಬೇ ಹಾಗೆ. ವೈದ್ಯರು ಗೀಚಿದ ಚೀಟಿಯಲ್ಲಿ ಹೆಸರು ತಿಳಿದರೆ ಮುಗಿಯಿತು, ಕೈ ತಾನಾಗಿ ಆ ಖಾನೆಗೆ ಹೋಗುತ್ತದೆ. ರಾಜಶೇಖರ ಬೆರಳು ಇಡುವುದನ್ನು ತೋರಿಸಿದ. ಅಮರೇಶ ನಾಲ್ಕು ದಿನ ಅದನ್ನೇ ಅಭ್ಯಾಸ ಮಾಡಿದ.

ಮೂರನೇ ಸೋಮವಾರ ಗುಡಿಯಲ್ಲಿ ಅವನು ಆ ಕಾರ್ಡ್ ಹೊಡೆದಾಗ ತಬಲಾದವನು ತಲೆ ಎತ್ತಿ ನೋಡಿದ. ಯಂಕಣ್ಣ, “ಆಹಾ” ಎಂದ. ಅದು ಚೆಂದವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾಳವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ಕಾರ್ಡ್ ಆರಿತು. ಅಮರೇಶ ಇನ್ನೊಮ್ಮೆ ಹೊಡೆದ. ಅದೂ ಆರಿತು.

“ಯಾಕಬೇ?” ಎಂದ ಯಂಕಣ್ಣ. “ಇದ ಅಲ್ಲೇನು ಅಂವಾ ಬಾರಸ್ತಿದ್ದದ್ದು?”

“ಅದರಂಗನ ಐತಿ,” ಎಂದಳು ಕಾಳವ್ವ. “ಆದರ ಅದಲ್ಲ.”

“ಏನ್ ಫರಕ ಐತ್ರಿ ಅವ್ವಾರ? ಹೇಳ್ರಿ, ತಿದ್ದಕೋತೇನಿ.”

ಸಂಗೀತದ ಮಾತುಗಳು ಅವಳಿಗೆ ಬರುತ್ತಿರಲಿಲ್ಲ. ಸರಿಗಮ ಎಂದರೆ ಸಾಲೆಯ ಹುಡುಗರು ಕಲಿಯುವುದು ಎಂದು ಅವಳ ತಿಳಿವಳಿಕೆ.

“ನೋಡು ತಮ್ಮಾ, ಸಂತಿ ದಿನಾ ನಮ್ಮ ಬೆಟಗೇರಿ ಬಸ್ಸು ಬರತೈತಿ. ಬಾಗಲಾ ತಗದಿರತೈತಿ, ಖರೇ. ಆದರ ಮೆಟ್ಟಲಾ ಮ್ಯಾಲೂ ಮಂದಿ ನಿಂತಿರತಾರ. ಹತ್ತಬೇಕಂದ್ರ ಕಾಲು ಎಲ್ಲಿ ಇಡೂದು? ನೀ ಬಾರಿಸಿದ್ದು ಹಂಗ ಐತಿ. ಛಲೋ ಐತಿ, ತುಂಬೇತಿ. ನನಗ ಕಾಲಿಡಾಕ ಜಾಗಿಲ್ಲ.”

ಯಾರೂ ನಗಲಿಲ್ಲ. ಆರತಿ ಆಯಿತು. ಕಾಳವ್ವ ಎದ್ದು ಹೋಗುವಾಗ ತಾಳದ ಹುರಿಯನ್ನು ಗಂಟು ಹಾಕಿ, ಒಂದರೊಳಗೊಂದು ಮಗುಚಿ, ದೇವರ ಕಟ್ಟೆಯ ಹತ್ತಿರ ಇಟ್ಟಳು. ಸಾಮಾನ್ಯವಾಗಿ ಅವಳು ಅದನ್ನು ಮನೆಗೆ ಒಯ್ಯುತ್ತಿದ್ದಳು. ಇನ್ನು ಒಂದೇ ಸೋಮವಾರ ಉಳಿದಿತ್ತು.

ಆ ವಾರದ ಭಾನುವಾರ ಬೆಳಿಗ್ಗೆ ಅಮರೇಶ ಯಂಕಣ್ಣನನ್ನು ಬೈಕಿನ ಮೇಲೆ ಕೂರಿಸಿಕೊಂಡು ಫಕೀರಪ್ಪನ ಮನೆಗೆ ಹೋದ. ಅವನ ಗಿಟಾರನ್ನೇ ಒಮ್ಮೆ ನೋಡಬೇಕು ಎಂಬುದು ಅವನ ಆಲೋಚನೆ. ಫಕೀರಪ್ಪನ ಹೆಂಡತಿ ಹೊಳೆವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು.

“ಬರ್ರಿ ಪೇಟಿ ಮಾಸ್ತರ್ರ. ಆರು ತಿಂಗಳಾತು, ಇವತ್ತ ದಾರಿ ಸಿಕ್ಕತೇನು?”

“ತಪ್ಪಾತವಾ. ಈ ಅಮರೇಶ ಗಿಟಾರು ನೋಡಬೇಕಂದ.”

“ನೋಡ್ರಿ. ನೋಡಾಕೇನು ರೊಕ್ಕಾ ಕೇಳೂದಿಲ್ಲ. ಬಾರಸಾಕ ಬರೂದಿಲ್ಲ ಮತ್ತ. ತಂತಿ ಸಡಲ ಬಿಟ್ಟೇನಿ.”

ಅದೂ ಮೇಳದ ರೂಢಿಯೇ. ಬಾರಿಸುವವರು ಹೋದರೆ ಮನೆಯವರು ಅವರ ವಾದ್ಯವನ್ನು ಸಡಿಲಿಸಿ ಬಿಳಿ ಬಟ್ಟೆ ಸುತ್ತಿ ಇಡುತ್ತಾರೆ. ಅವರ ಜಾಗದಲ್ಲಿ ಕೂರುವವರು ಬಂದು ಬಿಗಿಯುವ ತನಕ ಅದು ಹಾಗೇ ಇರುತ್ತದೆ. ಫಕೀರಪ್ಪ ತಂತಿಗಳನ್ನು ಹೇಗೆ ಬಿಗಿದಿದ್ದ ಎಂಬುದು ಅದರ ಜೊತೆಗೇ ಹೋಗಿಬಿಟ್ಟಿತ್ತು. ಅಮರೇಶ ಬಟ್ಟೆ ಬಿಚ್ಚಿದಾಗ ತಂತಿಗಳು ಬಳ್ಳಿಯ ಹಾಗೆ ಜೋತು ಬಿದ್ದಿದ್ದವು. ಅವನ ಮುಖ ಸಪ್ಪಗಾಯಿತು.

ಆದರೆ ಗಿಟಾರಿನ ಕುತ್ತಿಗೆಯ ಕಪ್ಪು ಕಟ್ಟಿಗೆಯ ಮೇಲೆ ಅಲ್ಲಲ್ಲಿ ಏನೋ ಬೆಳ್ಳಗೆ ಕಾಣುತ್ತಿತ್ತು. ಅವನು ಬೆರಳಿನಿಂದ ಮುಟ್ಟಿ ನೋಡಿದ.

“ಇದೇನ್ರಿ ಅಮ್ಮಾ, ಬೂಸರೇನು?”

“ಇಬತ್ತಿ,” ಎಂದಳು ಹೊಳೆವ್ವ. “ಬಾರಸೂ ಮುಂದ ಕೈಬಟ್ಟಿಗೆ ಇಬತ್ತಿ ಹಚ್ಕೋತಿದ್ರು. ಬೆವರಿಗೆ ಬಟ್ಟು ಜಾರತಾವಂತ. ಕಟಗಿ ಹೊಲಸಾಗತೈತಿ ಅಂತ ನಾ ಬೈತಿದ್ದೆ. ‘ಇರಲಿ, ಅದರ ಹಣಿಗೂ ಇಬತ್ತಿ ಇರಲಿ’ ಅಂತಿದ್ರು. ಹೋದ ಮ್ಯಾಲ ನಾನೂ ಒರಸಲಿಲ್ಲ.”

ಅಮರೇಶ ಗಿಟಾರನ್ನು ಬಾಗಿಲ ಬೆಳಕಿಗೆ ಹಿಡಿದ. ಕುತ್ತಿಗೆಯ ತುಂಬ ತೆಳ್ಳಗೆ ವಿಭೂತಿಯ ಬೂದಿಯ ಛಾಯೆ ಇತ್ತು. ಆದರೆ ಎರಡು ಕಡೆ ಮಾತ್ರ ಅದು ಕಟ್ಟಿಗೆಯ ಒಳಗೇ ಇಳಿದು, ಉಗುರಿನಿಂದ ಕೆರೆದರೂ ಹೋಗದಷ್ಟು ಗಟ್ಟಿಯಾಗಿತ್ತು. ನಾಲ್ಕನೇ ತಂತಿಯ ಕೆಳಗೆ ಎರಡನೇ ಮನೆ, ಅಂದರೆ ಅಡ್ಡ ಪಟ್ಟಿಗಳ ನಡುವಿನ ಎರಡನೇ ಜಾಗ. ಮೂರನೇ ತಂತಿಯ ಕೆಳಗೆ ನಾಲ್ಕನೇ ಮನೆ. ಒಂದೇ ಜಾಗದಲ್ಲಿ ಬೆರಳು ಬಹಳ ಹೊತ್ತು ತಡೆದು ನಿಂತದ್ದರ ಗುರುತು ಅದು. ಹದಿನೇಳು ವರ್ಷದ ಸೋಮವಾರಗಳು ಅಲ್ಲಿ ಎರಡು ಬಿಳಿ ಚುಕ್ಕೆಗಳಾಗಿ ಕುಳಿತಿದ್ದವು.

“ಯಂಕಣ್ಣಾರ, ಅಂವಾ ತಂತಿ ಹೆಂಗ ಬಿಗಿತಿದ್ದ, ನೆನಪೈತೇನ್ರಿ?”

“ನೆನಪಿಲ್ಲದೇನು. ನಾ ಪೇಟಿ ಒತ್ತತಿದ್ದೆ, ಅಂವಾ ಕೀಲಿ ತಿರುವತಿದ್ದ. ಸಾ, ಪಾ, ಸಾ, ಮಾ, ಪಾ, ಸಾ.”

“ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ರಿ?”

“ನೀ ಕೇಳಿದ್ದೇನು? ಎಲ್ಲಾ ಗಿಟಾರನೂ ಹಂಗ ಬಿಗಿತಾರಂತ ನಾ ತಿಳಕೊಂಡಿದ್ದೆ.”

ಹೊಳೆವ್ವ ಶೇಂಗಾದಿಂದ ತಲೆ ಎತ್ತದೆ ನಕ್ಕಳು. “ಇಬ್ಬರೂ ಛಲೋ ಜೋಡಿ ಆಗೀರಿ.”

ಅಮರೇಶ ಕೀಲಿಗೆ ಕೈ ಹಾಕುವ ಮುಂಚೆ ಹೊಳೆವ್ವನ ಕಡೆ ನೋಡಿದ. ಬಿಗಿದರೆ ಆ ಜಾಗದಲ್ಲಿ ತಾನು ಕೂತ ಹಾಗೆ. ಅದು ಕೇಳದೆ ಮಾಡುವ ಕೆಲಸವಲ್ಲ. ಹೊಳೆವ್ವ ಸುಲಿದ ಕಾಳುಗಳನ್ನು ಒಂದು ಕಡೆ ಗುಡ್ಡೆ ಮಾಡಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಬಿಗಿಯಪ್ಪಾ,” ಎಂದಳು. “ಸುಮ್ನ ಮಲಗಿಸಿ ಏನ್ ಮಾಡೂದೈತಿ.”

ಯಂಕಣ್ಣ ತನ್ನ ದನಿಯಿಂದಲೇ ಸ್ವರ ಕೊಟ್ಟ. ಅಮರೇಶ ಒಂದೊಂದೇ ತಂತಿ ಬಿಗಿದ. ದಪ್ಪ ತಂತಿ ತನ್ನ ಗಿಟಾರಿಗಿಂತ ಕೆಳಗೆ ಇಳಿಯಿತು, ತೆಳುವಾದ ಎರಡು ತಂತಿಗಳೂ ಅಷ್ಟೇ ಇಳಿದವು. ಬೂದಿಯ ಎರಡು ಚುಕ್ಕೆಗಳ ಮೇಲೆ ಎರಡು ಬೆರಳು ಇಟ್ಟು, ಉಳಿದ ನಾಲ್ಕು ತಂತಿಗಳನ್ನು ಮುಟ್ಟದೆ ಬಿಟ್ಟು, ಮೇಲಿನಿಂದ ಕೆಳಕ್ಕೆ ಸವರಿದ.

ಹೊಳೆವ್ವನ ಕೈ ಶೇಂಗಾದ ಮೇಲೆ ನಿಂತಿತು. ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟ ಸದ್ದು ಕೇಳಿಸಿತು.

ಅಮರೇಶನ ಕಿವಿಗೆ ಮಾತ್ರ ಅದರಲ್ಲಿ ಏನೋ ಕಡಿಮೆ ಅನಿಸಿತು. ಸಾ ಇತ್ತು, ಪಾ ಇತ್ತು, ಒತ್ತಿದ ಬೆರಳುಗಳಿಂದ ರೀ ಮತ್ತು ಧಾ ಬಂದಿದ್ದವು. ಗಾ ಇರಲಿಲ್ಲ. ತುಣುಕಿನಲ್ಲಿ ಗಾ ಸ್ಪಷ್ಟವಾಗಿ ಇತ್ತು, ರಾಜಶೇಖರ ಅದನ್ನು ಬೋರ್ಡಿನ ಮೇಲೆ ಬರೆದೂ ಇದ್ದ. ಕಾರ್ಡಿನಲ್ಲಿ ಸುಖವೋ ದುಃಖವೋ ಎಂದು ಹೇಳುವ ಸ್ವರವೇ ಅದು. ಅದಿಲ್ಲದಿದ್ದರೆ ಕಾರ್ಡ್ ಎರಡೂ ಕಡೆ ಸೇರದೆ ನಡುವೆ ನಿಂತಿರುತ್ತದೆ. ಫಕೀರಪ್ಪ ಮೂರನೇ ಬೆರಳು ಎಲ್ಲೋ ಇಟ್ಟಿರಬೇಕು ಎಂದು ಅಮರೇಶ ಮತ್ತೆ ಬೆಳಕಿಗೆ ಹಿಡಿದು ಹುಡುಕಿದ. ಗಾ ಸಿಗಬಹುದಾದ ಮನೆಗಳಲ್ಲೆಲ್ಲ ಅದೇ ತೆಳು ಛಾಯೆ, ಗಟ್ಟಿ ಚುಕ್ಕೆ ಎಲ್ಲೂ ಇಲ್ಲ.

ಹೊಳೆವ್ವ ಚಹಾ ತಂದಳು.

“ಅಮ್ಮಾ, ಮಂಗಳಕ್ಕ ಎಷ್ಟು ಬಟ್ಟು ಇಡತಿದ್ರು ಅವ್ರು?”

“ಎರಡ. ಈ ಎರಡು.” ಅವಳು ತನ್ನ ತೋರುಬೆರಳನ್ನೂ ಉಂಗುರದ ಬೆರಳನ್ನೂ ಚಾಚಿ ತೋರಿಸಿದಳು. “ಮನ್ಯಾಗೂ ಹಂಗ ಬಾರಸತಿದ್ರು. ಇಷ್ಟಕ್ಕ ಇಷ್ಟು ವರ್ಷಾ ಬೇಕೇನು ಅಂತ ನಾ ಚ್ಯಾಷ್ಟಿ ಮಾಡತಿದ್ದೆ.”

ಅಮರೇಶ ಫೋನು ತೆಗೆದು ತುಣುಕನ್ನು ಕಿವಿಗೆ ಒತ್ತಿ ಹಿಡಿದ. ಕೆಮ್ಮು. ತಾಳ ನೆಲಕ್ಕೆ ತಾಗಿದ್ದು. ಕಾರ್ಡ್. ಈ ಸಲ ಅವನು ಕಾರ್ಡನ್ನು ಕೇಳಲಿಲ್ಲ, ಅದರಲ್ಲಿನ ಗಾ ಒಂದನ್ನೇ ಹಿಂಬಾಲಿಸಿದ. ತಂತಿಯ ಸ್ವರ ಮೀಟಿದ ಗಳಿಗೆಯಲ್ಲಿ ಜೋರಾಗಿದ್ದು ಆಮೇಲೆ ತೆಳುವಾಗುತ್ತ ಹೋಗುತ್ತದೆ. ಈ ಗಾ ಹಾಗಿರಲಿಲ್ಲ. ಅದು ಮೆಲ್ಲಗೆ ಶುರುವಾಗಿ, ಬೆಳೆಯುತ್ತ ಬೆಳೆಯುತ್ತ, ಪದದ ಮೊದಲ ಅಕ್ಷರವಾಗಿ ತೆರೆದುಕೊಂಡಿತು.

“ಯಂಕಣ್ಣಾರ, ಕಾಳವ್ವಾರು ಪದಾ ಎತ್ತೂ ಮುಂಚೆ ಬಾಯಿ ಮುಚ್ಕೊಂಡು ಗುಂಯ್ ಅಂತಾರೇನ್ರಿ?”

“ಅಂತಾಳ. ಎತ್ತೂದ ಹಂಗ. ಫಕೀರಪ್ಪ ಬಾರಿಸಿದ್ದಕ್ಕೂ ಆಕಿ ಗುಂಯ್ ಅನ್ನೂದಕ್ಕೂ ನಡುವ ಉಸರು ತಗೋಳೂವಷ್ಟೂ ಹೊತ್ತು ಇರತಿರಲಿಲ್ಲ.”

ಅಮರೇಶ ಫೋನು ಕೆಳಗಿಟ್ಟ. ಆ್ಯಪೂ, ಮಾಸ್ತರನೂ, ತಾನೂ ಸೇರಿ ಮೂವರೂ ಕಾಳವ್ವನ ದನಿಯನ್ನು ಒಂದು ತಂತಿ ಎಂದು ಎಣಿಸಿದ್ದರು. ಹೋದ ಸೋಮವಾರ ಅವಳ ಸ್ವರವನ್ನು ತಾನೇ ಬಾರಿಸಿ ಮುಗಿಸಿ, ಆಮೇಲೆ ಹಾಡಿರಿ ಎಂದು ಅವಳ ಮುಖ ನೋಡುತ್ತ ಕುಳಿತಿದ್ದ. ಅದರ ಹಿಂದಿನ ವಾರ ಹಿಡಿದ ಡಿ ಮೇಜರಿನಲ್ಲೂ ಅದೇ ಗಾ ಇತ್ತು.

“ಅವ್ವಾರ ಜಾಗಾದಾಗ ನಾ ಕುಂತಿದ್ದೆ ನೋಡ್ರಿ,” ಎಂದ.

ಯಂಕಣ್ಣನಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ತಲೆಯಾಡಿಸಿದ.

ಅಮರೇಶ ಅಲ್ಲಿಂದಲೇ ರಾಜಶೇಖರನಿಗೆ ಫೋನು ಮಾಡಿ ಸಂಗತಿ ಹೇಳಿದ. ಆಚೆ ಕಡೆ ಅವನು ಗಿಟಾರು ಎತ್ತಿಕೊಂಡು ಮೀಟಿ ನೋಡಿದ ಸದ್ದು ಬಂತು.

“ಗಾ ಇಲ್ಲಂದ್ರ ನಾ ಕೊಟ್ಟ ಹೆಸರು ಸುಳ್ಳಾತು,” ಎಂದ ರಾಜಶೇಖರ ಕೊನೆಗೆ. “ನಾಕ ಸ್ವರಾ ಉಳದ್ವು. ಈ ನಾಕಕ್ಕ ಏನರೆ ಅನ್ನಬೌದು ನೋಡು. ಇ ಸ್ವರದ ಮ್ಯಾಲಿಂದ ನೋಡಿದ್ರ ಒಂದು ಸೆವೆನ್ ಸಸ್ ಫೋರ್. ಎ ಮ್ಯಾಲಿಂದ ನೋಡಿದ್ರ ಇನ್ನೊಂದು ಸಸ್. ಬಿ ಮ್ಯಾಲಿಂದ ಹಿಡದ್ರ ಮೈನರ್ ಜಾತಿಗೆ ಹೋಗತೈತಿ. ಡಿ ಮ್ಯಾಲಿಂದ ಮತ್ತೊಂದು. ಅವ ಸ್ವರಾ, ಹೆಸರು ನಾಕು.”

“ಗುಳಗಿ ಒಂದ, ಕಂಪನಿಗೊಂದ ಹೆಸರು ಇದ್ದಂಗೇನ್ರಿ?”

“ಹಂಗ ಅನ್ನು. ಯಾವುದು ಖರೇ ಅಂತ ತಿಳೀಬೇಕಂದ್ರ ಮಂದಿ ಯಾವುದನ್ನ ಸಾ ಅಂತ ಹಿಡದು ಕುಂತಾರ ಅನ್ನೂದು ಗೊತ್ತಿರಬೇಕು. ಬರೇ ತಂತಿ ನೋಡಿದ್ರ ಗೊತ್ತಾಗೂದಿಲ್ಲ.”

“ಬಿಳಿ ಎರಡ್ರಿ. ಡಿ. ಮೇಳಕ್ಕೆಲ್ಲಾ ಅದ ಸಾ.”

“ಅಂದ್ರ ಡಿ ಸಿಕ್ಸ್ ನೈನ್, ನೋ ಥರ್ಡ್ ಅಂತ ಬರ್ಕೋ. ಮೂರನೇದು, ಅಂದ್ರ ಗಾ, ಬಿಟ್ಟದ್ದು. ಬಿಟ್ಟದ್ದನ್ನೂ ಹೆಸರಿನಾಗ ಹೇಳಬೇಕಾಗತೈತಿ.”

ಅಮರೇಶ ಅದನ್ನು ಅಂಗಡಿಯ ಚೀಟಿಯೊಂದರ ಹಿಂದೆ ಬರೆದು ಜೇಬಿನಲ್ಲಿಟ್ಟುಕೊಂಡ. ಹೊಳೆವ್ವನಿಗೆ ಹೇಳಿ ಗಿಟಾರನ್ನು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದ.

ಶ್ರಾವಣದ ಕೊನೆಯ ಸೋಮವಾರ ಗುಡಿಯಲ್ಲಿ ಎಂದಿಗಿಂತ ಹೆಚ್ಚು ಮಂದಿ ಇದ್ದರು. ಕಾಳವ್ವ ತಾಳವನ್ನು ದೇವರ ಕಟ್ಟೆಯಿಂದಲೇ ಎತ್ತಿಕೊಂಡಳು, ಮೊದಲಿಂದ ಎಲ್ಲ ಪದಗಳನ್ನೂ ಹಾಡಿದಳು. ಫಕೀರಪ್ಪನ ಗಿಟಾರನ್ನು ಅಮರೇಶನ ತೊಡೆಯ ಮೇಲೆ ನೋಡಿ ಅವಳು ಅವನ ಕಡೆಗೆ ಸ್ವಲ್ಪ ಸರಿದು ಕುಳಿತಳು. ಹೊಳೆವ್ವನೂ ಬಂದಿದ್ದಳು, ಕಂಬದ ಆಚೆ ಹೆಂಗಸರ ಜೊತೆ ಕುಳಿತಿದ್ದಳು.

ಮಂಗಳದ ಹೊತ್ತು ಬಂತು. ಅಮರೇಶ ಕಾಳವ್ವನಿಗೆ ಏನೂ ವಿವರಿಸಲಿಲ್ಲ. ವಿವರಿಸಬೇಕೆಂದು ಭಾನುವಾರವೆಲ್ಲ ಅಂದುಕೊಂಡಿದ್ದ. ಆದರೆ ಅವಳಿಗೆ ಮೊದಲಿಂದ ಗೊತ್ತಿದ್ದದ್ದು ಇವರಿಗೆ ಈಗ ಗೊತ್ತಾಗಿತ್ತು, ಅಷ್ಟೇ. ಎರಡು ಬೆರಳು ಇಟ್ಟು, ಉಳಿದದ್ದನ್ನು ಮುಟ್ಟದೆ, ಸವರಿ ಕೈ ಎತ್ತಿದ.

ಕಾರ್ಡ್ ಗೋಡೆಯ ತನಕ ಹೋಗಿ ತಿರುಗಿ ಬಂತು. ಬಾಯಿ ಮುಚ್ಚಿದ ಒಂದು ಗುಂಯ್‌ಕಾರ ಅದರೊಳಗೆ ಹೊಕ್ಕಿತು. ಅದು ಕಾಳವ್ವನದು ಎಂದು ಎಲ್ಲರಿಗೂ ತಿಳಿಯುವಷ್ಟರಲ್ಲಿ ಪದ ಶುರುವಾಗಿತ್ತು.

ಯಂಕಣ್ಣ ಹದಿನೇಳು ವರ್ಷದ ಅಭ್ಯಾಸದಂತೆ ಗಾ ಸ್ವರಕ್ಕೆ ಕರಿ ಮನೆಯ ಮೇಲೆ ಬೆರಳಿಟ್ಟ. ಪೇಟಿಯೂ ಕಾಳವ್ವನೂ ಜಗಳವಾಡಿದ ಹಾಗೆ ಕೇಳಿಸಿತು. ಅವನು ಗಾಬರಿಯಾಗಿ ಬೆರಳು ಎತ್ತಿದ. ಕಾಳವ್ವ ಹಾಡುತ್ತಿದ್ದ ಗಾ ಮೊದಲಿನದಾಗಿರಲಿಲ್ಲ. ಅದು ಒಂದು ಮನೆ ಕೆಳಗೆ ಇಳಿದಿತ್ತು. ಎರಡನೇ ಸಾಲಿಗೆ ಅವನು ಬೆರಳನ್ನು ಪಕ್ಕದ ಬಿಳಿ ಮನೆಗೆ ಸರಿಸಿದ. ಪೇಟಿ ಅವಳ ಜೊತೆಗೂಡಿತು. ಅದೇ ಪದ, ಅವೇ ಮಾತುಗಳು, ಅದೇ ನಡೆ. ಭೂಪದಲ್ಲಿ ಬೆಳ್ಳಗೆ ನಗುತ್ತಿದ್ದದ್ದು ಇಂದು ಆ ಒಂದು ಸ್ವರ ತಗ್ಗಿದ್ದಕ್ಕೆ ದುಃಖದ ರಾಗವಾದ ಶಿವರಂಜನಿಯಾಗಿತ್ತು. ಕಂಬದ ಆಚೆ ಹೊಳೆವ್ವ ಸೆರಗಿನ ಅಂಚನ್ನು ಬಾಯಿಗೆ ಹಿಡಿದುಕೊಂಡಳು.

ಅಮರೇಶ ಪ್ರತಿ ಸಾಲಿನ ಕೊನೆಗೆ ಅದೇ ಕಾರ್ಡ್ ಹೊಡೆಯುತ್ತ ಹೋದ. ಯಂಕಣ್ಣ ಬೆರಳು ಸರಿಸಬೇಕಾಯಿತು. ಅಮರೇಶ ಏನನ್ನೂ ಸರಿಸಬೇಕಾಗಲಿಲ್ಲ, ಅವನ ಕಾರ್ಡಿನಲ್ಲಿ ಗಾ ಇರಲೇ ಇಲ್ಲ.

ಪದ ಮುಗಿಯಿತು. ಆರತಿಯಾಯಿತು. ತಟ್ಟೆಯ ಉರಿಯನ್ನು ಕಣ್ಣಿಗೊತ್ತಿಕೊಂಡು ಕಾಳವ್ವ ತನ್ನ ಜಾಗಕ್ಕೆ ಬಂದು ಕುಳಿತಳು. ಯಂಕಣ್ಣ ಪೇಟಿಯ ಮುಚ್ಚಳ ಹಾಕುತ್ತ ಗೊಣಗಿದ:

“ಸ್ವರಾ ಬದಲ ಮಾಡೂದಿತ್ತಂದ್ರ ಮುಂಚೇನ ಹೇಳಬಾರದೇನಬೇ? ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ಹೋತು.”

“ನಾ ಎಲ್ಲಿ ಬದಲ ಮಾಡಿದೆ? ಅಂವಾ ಬಾರಿಸಿದ, ನಾ ಕಾಲಿಟ್ಟೆ. ಕಾಲು ಅಲ್ಲಿ ಬಿತ್ತು.”

“ಮುಂದಿನ ಸೋಮವಾರ ಯಾವುದು ಒತ್ತಲಿ ಹಂಗಾರ? ಕರೀದೋ, ಬಿಳೀದೋ?”

“ಮುಂದಿನ ಸೋಮವಾರ ನೋಡೂಣು,” ಎಂದಳು ಕಾಳವ್ವ. ತಾಳದ ಹುರಿಯನ್ನು ಬೆರಳಿಗೆ ಸುತ್ತಿ, ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಹೊಳೆವ್ವನ ಕೈ ಹಿಡಿದು ಮೆಟ್ಟಿಲು ಇಳಿದಳು.